ಭಾನುವಾರದ ಎಣ್ಣೆಸ್ನಾನಕ್ಕೆ ಗ್ರಂಧಿಗೆ ಅಂಗಡಿಯ ಸೀಗೆಪುಡಿ

ವಾರವಿಡೀ ಟ್ರಾಫಿಕ್ಕಿನ ಧೂಳು ಕುಡಿದ ತಲೆಗೆ ಭಾನುವಾರದ ಎಣ್ಣೆಸ್ನಾನವೇ ಸರಿ. ಅದಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಸೀಗೆಪುಡಿಯೇ ಪ್ಯಾಕೆಟ್ಟಿನದಕ್ಕಿಂತ ಮೇಲು. ಕೊಳ್ಳುವಾಗ ಬೆರಳಲ್ಲಿ ಉಜ್ಜಿ ನೋಡಿ. ತರಿ ಸಿಕ್ಕರೆ ಮನೆಯಲ್ಲಿ ಜರಡಿ ಹಿಡಿಯಿರಿ, ಇಲ್ಲವಾದರೆ ಕೂದಲಲ್ಲೇ ಉಳಿದು ನೆತ್ತಿ ಕೆರೆಯುತ್ತದೆ.

ಉದ್ದ ಕೂದಲಿಗೆ 3 ಚಮಚ ಸೀಗೆಗೆ 1 ಚಮಚ ಚಿಗರೆಪುಡಿ (ಚಿಗರೆ ಮರದ ಒಣಎಲೆಯ ಪುಡಿ) ಸೇರಿಸಿ, ಬಿಸಿನೀರಲ್ಲಿ 10 ನಿಮಿಷ ನೆನೆಸಿ, ದೋಸೆಹಿಟ್ಟಿನ ಹದಕ್ಕೆ ಕಲಸಿ. ಚಿಗರೆ ಬೆರೆತರೆ ಕೂದಲು ಒರಟಾಗದು, ಎಷ್ಟು ಚೆನ್ನಾದ ಜೋಡಿ! ಬರೀ ಹರಳೆಣ್ಣೆ ಹಚ್ಚಿದ್ದರೆ ಒಂದು ಸಲಕ್ಕೆ ಜಿಡ್ಡು ಬಿಡುವುದಿಲ್ಲ. ಅರ್ಧ ಕೊಬ್ಬರಿ ಎಣ್ಣೆ ಬೆರೆಸಿ. ಸೀಗೆ ಕಣ್ಣಿಗೆ ಬಿದ್ದರೆ ಕೆಟ್ಟ ಉರಿ, ಮಕ್ಕಳ ತಲೆಯನ್ನು ಹಿಂದಕ್ಕೆ ಬಾಗಿಸಿಯೇ ತೊಳೆಯಿರಿ. ಬಚ್ಚಲ ಜಾಲರಿಗೆ ಪುಡಿ ಕಟ್ಟಿಕೊಳ್ಳುವುದೊಂದು ತಾಪತ್ರಯ. ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಗಲಿದರೆ ಗಂಟುಕಟ್ಟುತ್ತದೆ.