ಪೋಸ್ಟ್‌ಗ್ರೆಸ್ ಫಾರಿನ್ ಕೀ: ಒಂದು ಇಂಡೆಕ್ಸ್ ಮರೆತರೆ ಬಫರ್‌ಗೆ ಬೀಳುವ ಹೊರೆ

ಪೋಸ್ಟ್‌ಗ್ರೆಸ್ 16 ಡೇಟಾಬೇಸ್‌ನ ಫಾರಿನ್ ಕೀ (ಒಂದು ಟೇಬಲ್‌ನ ಕಾಲಂ ಇನ್ನೊಂದು ಟೇಬಲ್‌ನಲ್ಲಿರುವ ಸಾಲನ್ನೇ ತೋರಿಸಬೇಕೆಂಬ ನಿಯಮ) ಬಗ್ಗೆ ನನ್ನ ತಕರಾರು ಒಂದೇ. ಪೇರೆಂಟ್ ಟೇಬಲ್‌ನ (ಉದಾಹರಣೆಗೆ ಗ್ರಾಹಕರ ಟೇಬಲ್) ಕೀಗೆ ಯೂನಿಕ್ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಿಕೊಡುವ, ಒಂದೇ ಕೀ ಎರಡು ಸಲ ಬರದಂತೆ ತಡೆಯುವ ಸೂಚಿ) ಇರಲೇಬೇಕೆಂದು ಅದು ಹಟ ಹಿಡಿಯುತ್ತದೆ, ಅದನ್ನು ತೋರಿಸುವ ಚೈಲ್ಡ್ ಟೇಬಲ್‌ನ (ಉದಾಹರಣೆಗೆ ಆರ್ಡರ್ ಟೇಬಲ್) ಕಾಲಂಗೆ ಮಾತ್ರ ತಾನಾಗಿ ಇಂಡೆಕ್ಸ್ ಹಾಕುವುದಿಲ್ಲ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಹಾಕಿಕೊಡುತ್ತದೆ.

ಇನ್ಸರ್ಟ್ ಮಾಡುವಷ್ಟು ದಿನ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಪೇರೆಂಟ್‌ನಿಂದ ಸಾಲು ಅಳಿಸಲು ಹೊರಟಾಗ ಗೊತ್ತಾಗುತ್ತದೆ. ಶೇರ್ಡ್ ಬಫರ್ಸ್ (ಓದಿದ ಪುಟಗಳನ್ನು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಮೆಮೊರಿ) 2 ಜಿಬಿ, ಆರ್ಡರ್ ಟೇಬಲ್ 400 ಎಂಬಿ ಎಂದುಕೊಳ್ಳಿ. 8 ಕೆಬಿ ಪುಟದ ಲೆಕ್ಕದಲ್ಲಿ ಅದು 51,200 ಪುಟ. ಒಂದೂ ಆರ್ಡರ್ ಇಲ್ಲದ ಗ್ರಾಹಕನನ್ನು ಅಳಿಸುವಾಗ, ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕೊನೆಯ ಪುಟದವರೆಗೂ ಓದಬೇಕು. ಇಂಥ 1,000 ಗ್ರಾಹಕರನ್ನು ಅಳಿಸಿದರೆ 5 ಕೋಟಿ 12 ಲಕ್ಷ ಸಲ ಪುಟ ಮುಟ್ಟಿದಂತೆ.

ಟೇಬಲ್‌ನ ಗಾತ್ರವೂ ಇಲ್ಲಿ ಮುಖ್ಯ. ಶೇರ್ಡ್ ಬಫರ್ಸ್‌ನ ಕಾಲು ಭಾಗಕ್ಕಿಂತ ದೊಡ್ಡ ಟೇಬಲ್ಲನ್ನು ಪೂರ್ತಿ ಓದುವಾಗ ಪೋಸ್ಟ್‌ಗ್ರೆಸ್ 256 ಕೆಬಿಯ ಪುಟ್ಟ ರಿಂಗ್ ಒಳಗೇ ಪುಟಗಳನ್ನು ತಿರುಗಿಸುತ್ತದೆ. ನಿಧಾನವಾದರೂ ಬೇರೆಯವರ ಕ್ಯಾಶ್ ಉಳಿಯುತ್ತದೆ. ನಮ್ಮ 400 ಎಂಬಿ ಆ 512 ಎಂಬಿ ಗಡಿಯ ಒಳಗಿದೆ. ಹಾಗಾಗಿ ಇಡೀ ಟೇಬಲ್ ಬಫರ್‌ಗೆ ಬಂದು ಕೂರುತ್ತದೆ, ಉಪಯೋಗದಲ್ಲಿದ್ದ ಬೇರೆ ಪುಟಗಳು ಹೊರಬೀಳುತ್ತವೆ.

ಇನ್ನೂ ಬೇಸರದ ಸಂಗತಿ, ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್‌ನಲ್ಲಿ ಬಫರ್ಸ್ ಆಯ್ಕೆ ಕೊಟ್ಟರೂ ಈ ಲೆಕ್ಕ ಸಿಗುವುದಿಲ್ಲ. ಚೆಕ್ ನಡೆಯುವುದು ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಆಗಿ. ಕೆಳಗೆ 'ಟ್ರಿಗರ್ ಫಾರ್ ಕನ್‌ಸ್ಟ್ರೇಂಟ್' ಸಾಲಿನಲ್ಲಿ ಸಮಯ ಮತ್ತು ಕರೆಗಳ ಸಂಖ್ಯೆ, ಅಷ್ಟೇ. ಪುಟಗಳ ಲೆಕ್ಕ ಬೇಕಿದ್ದರೆ ಕ್ವೆರಿಗಳ ಅಂಕಿಅಂಶ ಕೂಡಿಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್‌ನ ಟ್ರ್ಯಾಕ್ ಅನ್ನು 'ಆಲ್' ಮಾಡಿ. 'ಫಾರ್ ಕೀ ಶೇರ್ ಆಫ್ ಎಕ್ಸ್' ಎಂದು ಮುಗಿಯುವ ಆಂತರಿಕ ಕ್ವೆರಿ ಪ್ರತ್ಯೇಕ ಸಾಲಾಗಿ ಕಾಣುತ್ತದೆ, ಅದರ ಹಿಟ್ (ಬಫರ್‌ನಲ್ಲೇ ಸಿಕ್ಕ ಪುಟ) ಮತ್ತು ರೀಡ್ (ಹೊರಗಿನಿಂದ ಓದಿದ ಪುಟ) ಸಮೇತ.

ಡಿಲೀಟ್‌ಗೆ ಮುಂಚೆ ಪ್ರತಿ ಸಲ ಮಾಡುವ ಕೆಲಸ ಇದು: ಬಿಗಿನ್ ಕೊಡಿ, 'ಸೆಟ್ ಕನ್‌ಸ್ಟ್ರೇಂಟ್ಸ್ ಆಲ್ ಇಮೀಡಿಯೆಟ್' ಕೊಡಿ, ಒಂದೇ ಸಾಲಿನ ಡಿಲೀಟನ್ನು ಎಕ್ಸ್‌ಪ್ಲೇನ್ ಅನಲೈಜ್‌ನಲ್ಲಿ ಓಡಿಸಿ, ಟ್ರಿಗರ್ ಸಮಯ ಓದಿ, ರೋಲ್‌ಬ್ಯಾಕ್ ಮಾಡಿ. ಎರಡನೇ ಹೆಜ್ಜೆ ಬಿಟ್ಟರೆ ಡಿಫರ್ಡ್ ಚೆಕ್‌ಗಳು ಕಮಿಟ್‌ವರೆಗೂ ಕಾಯುತ್ತವೆ, ಫಲಿತಾಂಶದಲ್ಲಿ ಬರುವುದೇ ಇಲ್ಲ. ಆ ಒಂದು ಸಾಲಿಗೇ ಹತ್ತಾರು ಮಿಲಿಸೆಕೆಂಡ್ ಹಿಡಿದರೆ ಇಂಡೆಕ್ಸ್ ಇಲ್ಲವೆಂದೇ ಮೊದಲ ಅನುಮಾನ. ಆಗ ಬೇರೆಯವರ ಬರಹ ನಿಲ್ಲಿಸದೆ ಇಂಡೆಕ್ಸ್ ಹಾಕುವ 'ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ' ಬಳಸಿ. ಜೋಡಿ ಕಾಲಂ ಇಂಡೆಕ್ಸ್ ಆದರೆ ಫಾರಿನ್ ಕೀ ಕಾಲಂ ಮೊದಲು ಬರಲಿ. ನಡುವೆ ವಿಫಲವಾದರೆ 'ಇನ್‌ವ್ಯಾಲಿಡ್' ಇಂಡೆಕ್ಸ್ ಉಳಿದಿರುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಹಾಕಿ.

ಇಷ್ಟು ಬೈದ ಮೇಲೂ ಇದನ್ನು ಬಿಡಲು ಮನಸ್ಸಾಗದಿರುವುದಕ್ಕೆ ಕಾರಣ 'ನಾಟ್ ವ್ಯಾಲಿಡ್', ಅಂದರೆ ಈಗಾಗಲೇ ಇರುವ ಸಾಲುಗಳನ್ನು ಪರೀಕ್ಷಿಸದೆ ಕನ್‌ಸ್ಟ್ರೇಂಟ್ ಸೇರಿಸುವ ಆಯ್ಕೆ. ಕನ್‌ಸ್ಟ್ರೇಂಟ್ ಇಟ್ಟುಕೊಂಡೇ ಕೋಟಿಗಟ್ಟಲೆ ಸಾಲು ತುಂಬಿದರೆ ಪ್ರತಿ ಸಾಲಿಗೂ ಒಂದು ಟ್ರಿಗರ್ ಈವೆಂಟ್ ಮೆಮೊರಿಯಲ್ಲಿ ಸರದಿ ಹಿಡಿಯುತ್ತದೆ. ಈ ಸರದಿ ಡಿಸ್ಕ್‌ಗೆ ಇಳಿಯುವುದಿಲ್ಲ, ಹಾಗಾಗಿ ಸರ್ವರ್ ಸ್ವಾಪ್‌ಗೆ ಹೋಗಬಹುದು, ಲೋಡ್ ಅರ್ಧಕ್ಕೆ ಸಾಯಲೂಬಹುದು. ಬದಲಿಗೆ ಕನ್‌ಸ್ಟ್ರೇಂಟ್ ತೆಗೆದು, 'ಕಾಪಿ' ಕಮಾಂಡ್‌ನಿಂದ ಡೇಟಾ ತುಂಬಿ, ನಾಟ್ ವ್ಯಾಲಿಡ್ ಆಗಿ ಮತ್ತೆ ಸೇರಿಸಿ, ಆಮೇಲೆ 'ವ್ಯಾಲಿಡೇಟ್ ಕನ್‌ಸ್ಟ್ರೇಂಟ್' ಕೊಟ್ಟರೆ ಎಲ್ಲ ಸಾಲುಗಳ ಪರೀಕ್ಷೆಯೂ ಒಂದೇ ಜಾಯಿನ್‌ನಲ್ಲಿ ಮುಗಿಯುತ್ತದೆ, ಅಷ್ಟು ಹೊತ್ತೂ ಬೇರೆಯವರ ಓದು-ಬರಹ ನಿಲ್ಲುವುದಿಲ್ಲ.

ಆ ಜಾಯಿನ್ ಸಾಮಾನ್ಯ ಕ್ವೆರಿಗಳ ಮೆಮೊರಿ ಮಿತಿಯಾದ ವರ್ಕ್_ಮೆಮ್‌ನ 4 ಎಂಬಿಗೆ ಕಟ್ಟುಬೀಳದೆ ನಿರ್ವಹಣೆ ಕೆಲಸಗಳ ಮಿತಿಯಾದ ಮೇಂಟೆನೆನ್ಸ್_ವರ್ಕ್_ಮೆಮ್ ಅನ್ನೇ ಬಳಸುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಡಿಫಾಲ್ಟ್ 64 ಎಂಬಿ. ರ‍್ಯಾಮ್ ಇದ್ದರೆ ಆ ಸೆಷನ್‌ಗೆ ಮಾತ್ರ 512 ಎಂಬಿ ಕೊಡಿ, ಮುಗಿದ ಕೂಡಲೇ ರೀಸೆಟ್ ಮಾಡಿ.