ಕೊಂಡ ಮೆಸ್ಸಿ, ಬಾರದ ವಿಯೆರಾ, ಬೆಳೆಸಿದ ಬೆರ್ನಾರ್ಡೊ

"ಇದಕ್ಕೆ ದುಡ್ಡು ಕೊಟ್ರಾ ಮಾವ?" ಅಂತ ಅಕ್ಕನ ಮಗ ಕೇಳಿದಾಗ ಅವನ ದನಿಯಲ್ಲಿದ್ದದ್ದು ಬೆರಗೋ ಕನಿಕರವೋ ಗೊತ್ತಾಗಲಿಲ್ಲ. ನನ್ನ ಫೋನಿನ ಇಫುಟ್‌ಬಾಲ್ ತಂಡದಲ್ಲಿ ಮೆಸ್ಸಿ ನಿಂತಿದ್ದ. ಬಿಟ್ಟಿ ಬಂದವನಲ್ಲ, ಆಡಿ ಗಳಿಸಿದವನೂ ಅಲ್ಲ. ಯುಪಿಐ ಪಿನ್ ಒತ್ತಿ ತಂದವನು.

ನಾನು ದಿನವಿಡೀ ಬೇರೆಯವರ ಲೆಕ್ಕ ಬರೆಯುವವನು. ನನ್ನ ಲೆಕ್ಕವನ್ನೂ ಒಮ್ಮೆ ಬರೆದು ನೋಡೋಣ ಅನ್ನಿಸಿ ಎರಡು ತಿಂಗಳು ಡೈರಿಯ ಹಿಂದಿನ ಪುಟಗಳಲ್ಲಿ ಗೀಚಿಕೊಂಡೆ. ದುಡ್ಡು ಕೊಟ್ಟು ಆಟಗಾರನನ್ನು ತರುವುದು ವಾಸಿಯೋ, ಪೆಟ್ಟಿಗೆಯಲ್ಲಿ ಅದೃಷ್ಟ ಎಳೆಯುವುದು ವಾಸಿಯೋ, ಇಲ್ಲ ಪುಕ್ಕಟೆ ಹುಡುಗನನ್ನು ತಂದು ತಾಲೀಮು ಕೊಡುವುದೇ ವಾಸಿಯೋ ಎಂಬ ಪ್ರಶ್ನೆಗೆ ನನ್ನ ಮಟ್ಟಿನ ಉತ್ತರ ಇದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಕೊನಾಮಿ ಕಂಪನಿಯ ಹಳೇ ಫುಟ್‌ಬಾಲ್ ವಿಡಿಯೊ ಆಟ ಪಿಇಎಸ್ (ಪ್ರೊ ಎವಲ್ಯೂಷನ್ ಸಾಕರ್) 2021ರಲ್ಲಿ ಹೆಸರು ಬದಲಿಸಿಕೊಂಡು ಇಫುಟ್‌ಬಾಲ್ ಆಯಿತು. ಇಳಿಸಿಕೊಳ್ಳಲು ಕಾಸು ಬೇಡ. ಪಂದ್ಯ ಆಡುತ್ತಾ ಹೋದರೆ ಜಿಪಿ ಅನ್ನುವ ಒಳಗಿನ ಹಣ ಸಿಗುತ್ತದೆ, ಅದರಿಂದ ಸಾಮಾನ್ಯ ಕಾರ್ಡಿನ ಆಟಗಾರರನ್ನು ಕೊಳ್ಳಬಹುದು (ಇಲ್ಲಿ ಪ್ರತಿ ಆಟಗಾರನೂ ಒಂದು ಕಾರ್ಡು). ಹಳೆಯ ದಿಗ್ಗಜರ ಎಪಿಕ್ ಅನ್ನುವ ಅಪರೂಪದ ಕಾರ್ಡು ಬೇಕೆಂದರೆ ಕಾಯಿನ್ ಕೊಟ್ಟು ಪೆಟ್ಟಿಗೆಯಿಂದ ಎಳೆಯಬೇಕು, ಯಾರು ಬರುತ್ತಾನೋ ಅದೃಷ್ಟ. ಲಾಗಿನ್ ಬೋನಸ್ಸು, ಇವೆಂಟು ಅಂತ ಕಾಯಿನ್ ತೊಟ್ಟಿಕ್ಕುತ್ತಿರುತ್ತದೆ; ಅಷ್ಟು ತಾಳ್ಮೆ ಇಲ್ಲದವರು ದುಡ್ಡು ಕೊಟ್ಟು ತುಂಬಿಸಿಕೊಳ್ಳುತ್ತಾರೆ. ಇದಲ್ಲದೆ ಆಗಾಗ ಒಂದು ಪ್ಯಾಕ್ ಮಾರಾಟಕ್ಕೆ ಬರುತ್ತದೆ. ಅದರೊಳಗೆ ಯಾರಿದ್ದಾನೆ ಅನ್ನುವುದು ಹೊರಗೇ ಬರೆದಿರುತ್ತದೆ. ನನ್ನ ಮೆಸ್ಸಿ ಬಂದದ್ದು ಅಂಥದ್ದರಲ್ಲಿ.

ಮೊದಲು ಪೆಟ್ಟಿಗೆಯ ಕಥೆ ಹೇಳುತ್ತೇನೆ. ಹೆಚ್ಚಿನವರ ದುಡ್ಡು ಹೋಗುವುದೇ ಅಲ್ಲಿ.

ನಾನು ಚಿಕ್ಕವನಿದ್ದಾಗ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಒಂದು ರಟ್ಟು ನೇತಾಡುತ್ತಿತ್ತು. ಅದರ ತುಂಬ ಸಣ್ಣ ಸಣ್ಣ ಮಡಿಸಿದ ಚೀಟಿ, ಮೇಲ್ಗಡೆ ಬಹುಮಾನಗಳು: ಒಂದು ಕೈಗಡಿಯಾರ, ಎರಡು ಬಲೂನು, ಉಳಿದದ್ದೆಲ್ಲ ಪೆಪ್ಪರ್‌ಮಿಂಟು. ನಾಲ್ಕಾಣೆ ಕೊಟ್ಟು ಒಂದು ಚೀಟಿ ಹರಿಯಬೇಕು. ಜಾಣ ಹುಡುಗರು ಬೆಳಿಗ್ಗೆ ಅದರ ತಂಟೆಗೇ ಹೋಗುತ್ತಿರಲಿಲ್ಲ. ಸಂಜೆ ಬಂದು, ಗಡಿಯಾರ ಇನ್ನೂ ನೇತಾಡುತ್ತಿದೆಯಾ, ಚೀಟಿ ಎಷ್ಟು ಉಳಿದಿದೆ ಅಂತ ಎಣಿಸುತ್ತಿದ್ದರು. ಹರಿದ ಚೀಟಿ ಮತ್ತೆ ರಟ್ಟಿಗೆ ಅಂಟುವುದಿಲ್ಲವಲ್ಲ, ಆ ವ್ಯಾಪಾರದ ಗುಟ್ಟೆಲ್ಲ ಅಷ್ಟೇ.

ಇಫುಟ್‌ಬಾಲಿನ ಪೆಟ್ಟಿಗೆಯೂ ಅದೇ ರಟ್ಟು. ನಾನು ಎಳೆದದ್ದರಲ್ಲಿ 150 ಆಟಗಾರರಿದ್ದರು, ಅದರಲ್ಲಿ ಎಪಿಕ್ 3. ಒಂದು ಸಲ ಎಳೆಯಲು 100 ಕಾಯಿನ್, ಒಟ್ಟಿಗೆ ಹತ್ತು ಎಳೆದರೆ 900. ಬಂದವನು ಪೆಟ್ಟಿಗೆಯಿಂದ ಹೊರಬಿದ್ದ, ಮತ್ತೆ ಅವನು ಬರುವುದಿಲ್ಲ. ಹಾಗಾಗಿ ಲೆಕ್ಕ ಕರಾರುವಾಕ್ಕಾಗಿ ಹಾಕಬಹುದು. ಹತ್ತು ಎಳೆದರೆ ಮೂವರಲ್ಲಿ ಒಬ್ಬನಾದರೂ ಸಿಗುವ ಸಂಭವ ಶೇ. 19ರ ಹತ್ತಿರ. ಇಪ್ಪತ್ತಕ್ಕೆ ಶೇ. 35. ಮೂವತ್ತು ಎಳೆದರೂ ಶೇ. 49, ಅಂದರೆ 2,700 ಕಾಯಿನ್ ಸುರಿದ ಮೇಲೂ ನಾಣ್ಯ ಚಿಮ್ಮಿದಷ್ಟೇ ಭರವಸೆ. ಅದೂ 'ಮೂವರಲ್ಲಿ ಯಾರಾದರೊಬ್ಬ' ಅನ್ನುವವರಿಗೆ. ನನಗೆ ಇವನೇ ಬೇಕು ಅಂತ ಹಟ ಹಿಡಿದರೆ ಹತ್ತು ಎಳೆತಕ್ಕೆ ಶೇ. 6.7 ಅಷ್ಟೇ. ಪೆಟ್ಟಿಗೆ ಪೂರ್ತಿ ಬರಿದು ಮಾಡಿ ಮೂವರನ್ನೂ ತರುತ್ತೇನೆ ಅನ್ನುವವರಿಗೆ 13,500 ಕಾಯಿನ್.

ನನಗೆ ಬೇಕಿದ್ದವನು ಪ್ಯಾಟ್ರಿಕ್ ವಿಯೆರಾ. ಇಂಗ್ಲೆಂಡಿನ ಆರ್ಸೆನಲ್ ತಂಡ 2003–04ರಲ್ಲಿ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಕಪ್ ಗೆದ್ದಾಗ ಅವನೇ ನಾಯಕ. ಆರಡಿ ದಾಟಿದ ಆಳು, ಮಧ್ಯಮೈದಾನದಲ್ಲಿ ಕಾಲು ಚಾಚಿದರೆ ಚೆಂಡು ಅವನದ್ದೇ. ತಿಂಗಳುಗಟ್ಟಲೆ ಕೂಡಿಟ್ಟ ಬಿಟ್ಟಿ ಕಾಯಿನ್ 1,800 ಇತ್ತು. ಎರಡು ಸಲ ಹತ್ತು ಹತ್ತು ಎಳೆದೆ. ಮೊದಲ ಹತ್ತರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ತೆರೆ ಮಿನುಗಿತು, ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಎದ್ದೇ ನಿಂತ. ಬಂದವನು ವಿಯೆರಾ ಅಲ್ಲ, ಒಬ್ಬ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಕಾಯುವವನು. ಒಳ್ಳೆಯವನೇ, ಆದರೆ ಆ ಜಾಗಕ್ಕೆ ನನ್ನಲ್ಲಿ ಆಗಲೇ ಇಬ್ಬರಿದ್ದರು. ಇವತ್ತಿಗೂ ಬೆಂಚಿನಲ್ಲಿದ್ದಾನೆ. ಅಂಕಿಯ ಪ್ರಕಾರ ನಾನು ಅದೃಷ್ಟವಂತ, ಶೇ. 35ರ ಸಂಭವ ನನ್ನ ಪಾಲಿಗೆ ನಿಜವಾಯಿತು. ತಂಡದ ಪ್ರಕಾರ ಏನೂ ಆಗಲಿಲ್ಲ. ಇದರಲ್ಲಿ ಯಾರದ್ದೂ ಮೋಸವಿಲ್ಲ, ಸಂಭವವೆಲ್ಲ ಮೊದಲೇ ಕಣ್ಣೆದುರು ಇತ್ತು.

ಇನ್ನು ಮೆಸ್ಸಿ ಮತ್ತು ಬೆರ್ನಾರ್ಡೊ. ಇವರಿಬ್ಬರನ್ನು ತೂಗಲು ಸುಲಭ. ಇಬ್ಬರೂ ಎಡಗಾಲಿನವರು, ಇಬ್ಬರೂ ಕುಳ್ಳರು, ಚೆಂಡನ್ನು ಬೂಟಿಗೆ ಅಂಟಿಸಿಕೊಂಡು ಓಡುವವರು. ಪೋರ್ಚುಗಲ್ಲಿನ ಬೆರ್ನಾರ್ಡೊ ಸಿಲ್ವನ ಸಾಮಾನ್ಯ ಕಾರ್ಡನ್ನು ಜಿಪಿ ಕೊಟ್ಟು ತಂದೆ, ಒಂದು ರೂಪಾಯಿಯೂ ಖರ್ಚಿಲ್ಲ. ಇಬ್ಬರನ್ನೂ ಒಂದೇ ಜಾಗದಲ್ಲಿ, 4-2-1-3ರ ಜೋಡಣೆಯಲ್ಲಿ ಮುಂದಿನ ಮೂವರ ಹಿಂದಿರುವ ಆ ಒಂಟಿ 'ಒಂದ'ರಲ್ಲಿ ನಿಲ್ಲಿಸಿದೆ. ಚೆಂಡು ಸಿಕ್ಕೊಡನೆ ಮುನ್ನುಗ್ಗುವ ಕ್ವಿಕ್ ಕೌಂಟರ್ ಶೈಲಿ, ಉಳಿದ ಹತ್ತು ಜನ ಅವರೇ, ಎದುರಾಳಿಗಳ ಮಟ್ಟ ಹೇಳುವ ಡಿವಿಷನ್ ಐದೇ. ಒಬ್ಬೊಬ್ಬನಿಗೆ 25 ಪಂದ್ಯ.

ಮೆಸ್ಸಿ ಇದ್ದಾಗ 14 ಗೆಲುವು, ಬೆರ್ನಾರ್ಡೊ ಇದ್ದಾಗ 12. ಗೋಲು ಮೆಸ್ಸಿಯದ್ದು 17, ಬೆರ್ನಾರ್ಡೊನದ್ದು 8. ಇಷ್ಟು ಕೇಳಿ ಪ್ಯಾಕೇ ಗೆದ್ದಿತು ಅನ್ನಬೇಡಿ. ತಂಡ ಒಟ್ಟು ಹೊಡೆದದ್ದು 46 ಮತ್ತು 41. ಮೆಸ್ಸಿ ಇದ್ದಾಗ ನಾನು ಎಲ್ಲ ಚೆಂಡನ್ನೂ ಅವನ ಕಾಲಿಗೇ ತಳ್ಳುತ್ತಿದ್ದೆ. ದುಡ್ಡು ಕೊಟ್ಟಿದ್ದೀನಲ್ಲ, ಅವನೇ ಹೊಡೆಯಲಿ ಎಂಬ ಮನಸ್ಸು. ಬೆರ್ನಾರ್ಡೊ ಇದ್ದಾಗ ಚೆಂಡು ಹಂಚಿಹೋಗುತ್ತಿತ್ತು, ರೆಕ್ಕೆಯ ಹುಡುಗರೂ ಗೋಲು ಹೊಡೆದರು.

ಹಾಗಾದರೆ ದುಡ್ಡಿಗೆ ಸಿಕ್ಕಿದ್ದೇನು? ಅದು ಅಂಕಿಯಲ್ಲಿ ಕಾಣುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ, ಗೋಲಿಗೆ ಬೆನ್ನು ಮಾಡಿ ಚೆಂಡು ತೆಗೆದುಕೊಂಡಿದ್ದೀರಿ ಅನ್ನಿ. ಹಿಂದಿನಿಂದ ಸೆಂಟರ್ ಬ್ಯಾಕ್ ಒತ್ತುತ್ತಿದ್ದಾನೆ. ಬೆರ್ನಾರ್ಡೊನಿಗೆ ತಿರುಗಲು ಎರಡು ಹೆಜ್ಜೆ ಬೇಕು. ಎರಡನೆಯ ಹೆಜ್ಜೆಗೆ ಎದುರಾಳಿಯ ಕಾಲು ಬಂದಿರುತ್ತದೆ, ಚೆಂಡನ್ನು ಹಿಂದಕ್ಕೆ ಕೊಡಬೇಕು. ಮೆಸ್ಸಿ ಅದೇ ಜಾಗದಲ್ಲಿ ಡಬಲ್ ಟಚ್ ಹಾಕಿ, ಅಂದರೆ ಚೆಂಡನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಥಟ್ಟನೆ ದಾಟಿಸಿ, ಒಂದೇ ಹೆಜ್ಜೆಯಲ್ಲಿ ಹೊರಳುತ್ತಾನೆ, ಚೆಂಡು ಎಡಗಾಲಿಗೆ ಬಂದಾಯಿತು, ದೂರದ ಕಂಬದ ಕಡೆ ಸುತ್ತಿ ಹೊಡೆದರೆ ಕೀಪರ್ ನೋಡುತ್ತಾ ನಿಲ್ಲುತ್ತಾನೆ. 17ರಲ್ಲಿ 9 ಗೋಲು ಅಂಥವೇ. ಒಂಬತ್ತನ್ನೂ ರೀಪ್ಲೇ ಹಾಕಿ ನೋಡಿದ್ದೇನೆ, ಮುಚ್ಚಿಡುವುದೇನಿದೆ.

ಆದರೆ ಬೆರ್ನಾರ್ಡೊನ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನ್ಯಾಯ. ಮೊದಲ ಏಳೆಂಟು ಪಂದ್ಯ ಅವನು ಸಪ್ಪೆಯಾಗಿದ್ದ. ಲೆವೆಲ್ ಏರಿದಾಗ ಸಿಗುವ ಪಾಯಿಂಟುಗಳನ್ನು ನಾನು ಸೋಮಾರಿತನದಿಂದ 'ಆಟೋ'ಗೆ ಬಿಟ್ಟಿದ್ದೆ. ಅದು ಎಲ್ಲದಕ್ಕೂ ಚೂರುಚೂರು ಹಂಚಿತ್ತು. ಆಮೇಲೆ ಶೂಟಿಂಗಿನಿಂದ ಕಿತ್ತು ಡ್ರಿಬ್ಲಿಂಗಿಗೂ ಡೆಕ್ಸ್ಟೆರಿಟಿಗೂ (ಚುರುಕುತನಕ್ಕೂ) ಕೈಯಾರೆ ಹಾಕಿದೆ. ಅವನ 12 ಗೆಲುವುಗಳಲ್ಲಿ 10 ಬಂದದ್ದು ಅದರ ನಂತರವೇ. ದುಡ್ಡು ಕೊಡುವ ಮುಂಚೆ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು. ಎಷ್ಟೋ ಜನರ ತಂಡದಲ್ಲಿ ಆಟಗಾರ ಕೆಟ್ಟವನಲ್ಲ, ಪಾಯಿಂಟು ಹಾಕಿದ ರೀತಿ ಕೆಟ್ಟದ್ದು.

ಪ್ಯಾಕಿನ ಮೇಲೆ ಬರೆದಿರದ ಇನ್ನೊಂದು ವಿಷಯ ಬಾಣ. ಪ್ರತಿ ಪಂದ್ಯಕ್ಕೂ ಆಟಗಾರನ ಆವತ್ತಿನ ಸ್ಥಿತಿ ಬಾಣದ ಗುರುತಿನಲ್ಲಿ ಬರುತ್ತದೆ. ಮೇಲ್ಮುಖ ಬಾಣವಿದ್ದರೆ ಹುಲಿ, ಕೆಳಮುಖವಿದ್ದರೆ ಅದೇ ಮೆಸ್ಸಿ ಜ್ವರ ಬಂದವನ ಹಾಗೆ ಕಾಲೆಳೆಯುತ್ತಾನೆ. ಕೊಟ್ಟ ದುಡ್ಡಿನ ಮುಲಾಜಿಗೆ ಬಿದ್ದು ಕೆಳಬಾಣದ ಮೆಸ್ಸಿಯನ್ನು ನಾಲ್ಕು ಪಂದ್ಯ ಆಡಿಸಿದೆ, ಮೂರು ಸೋತೆ. ಆ ದಿನಗಳಲ್ಲಿ ಬೆಂಚಿನಿಂದ ಎದ್ದು ಬಂದು ಮಾನ ಉಳಿಸುವವನು ಬೆರ್ನಾರ್ಡೊನೇ. ಅಂದಮೇಲೆ ಪ್ಯಾಕ್ ತಂದವನಿಗೂ ಪುಕ್ಕಟೆ ಹುಡುಗ ಬೇಕೇ ಬೇಕು.

ಅಕ್ಕನ ಮಗನದ್ದು ಬೇರೆ ಪಂಥ. ಅವನ ಮನೆಯಲ್ಲಿ ಪ್ಲೇಸ್ಟೇಷನ್, ಅದರಲ್ಲಿ ಇಎ ಕಂಪನಿಯ ಫುಟ್‌ಬಾಲ್ ಆಟದ ಅಲ್ಟಿಮೇಟ್ ಟೀಮ್, ಅಂದರೆ ಕಾರ್ಡು ಸೇರಿಸಿ ತಂಡ ಕಟ್ಟುವ ವಿಭಾಗ. 2023ರವರೆಗೆ ಫಿಫಾ ಅಂತಿದ್ದ ಆ ಆಟ ಈಗ ಎಫ್‌ಸಿ. ಭಾನುವಾರಗಳಲ್ಲಿ ಹೋಗಿ ಅದನ್ನೂ ಆಡಿ ನೋಡಿದೆ. ಅಲ್ಲಿನ ಪ್ಯಾಕ್ ನಮ್ಮ ರಟ್ಟಿನ ಹಾಗಲ್ಲ. ಪ್ರತಿ ಪ್ಯಾಕೂ ಹೊಸದಾಗಿ ಕಲಸಿದ ಎಲೆ, ನಿನ್ನೆ ಐವತ್ತು ಒಡೆದಿದ್ದೀರಿ ಅಂತ ಇವತ್ತಿನದಕ್ಕೆ ಕರುಣೆಯಿಲ್ಲ. ಆದರೆ ಅಲ್ಲಿ ಒಂದು ಸಂತೆಯಿದೆ. ಬೇಕಾದ ಆಟಗಾರನನ್ನು ಆಟದೊಳಗಿನ ಕಾಯಿನ್ ಕೊಟ್ಟು ಇನ್ನೊಬ್ಬರಿಂದ ನೇರವಾಗಿ ಕೊಳ್ಳಬಹುದು, ಮಾರಿದವನ ಕೈಗೆ ಶೇ. 5 ಕಡಿದು ಸಂದಾಯವಾಗುತ್ತದೆ. ಅಕ್ಕನ ಮಗ ಪ್ಯಾಕಿಗೆ ನಿಜವಾದ ದುಡ್ಡು ಹಾಕುವುದೇ ಇಲ್ಲ, ಸಂತೆಯಲ್ಲಿ ಬೇಡಿಕೆ ತಗ್ಗಿದಾಗ ಕೊಂಡು ಏರಿದಾಗ ಮಾರಿ ತಂಡ ಕಟ್ಟಿದ್ದಾನೆ. ಅವನ ತಾತನಿಗೆ ಅಡಿಕೆ ಮಂಡಿಯಲ್ಲಿ ಇದೇ ಬುದ್ಧಿ ಇತ್ತು. ಆದರೆ ಸೆಪ್ಟೆಂಬರ್ ಬಂದು ಹೊಸ ಆಟ ಬಿಡುಗಡೆಯಾದರೆ ಅವನ ತಂಡ ಹಳೆಯ ಆಟದಲ್ಲೇ ಉಳಿಯುತ್ತದೆ, ಹೊಸದರಲ್ಲಿ ಸೊನ್ನೆಯಿಂದ ಶುರು. ನನ್ನ ಹಳೆಯ ಎಪಿಕ್‌ಗಳು ವರ್ಷ ಕಳೆದರೂ ನನ್ನ ಜೊತೆಗೇ ಬಂದಿವೆ. ಆಟಗಾರನ ಬಲ ಇನ್ನಷ್ಟು ಏರಿಸುವ ಬೂಸ್ಟರ್ ಅಂತ ಹೊಸದೊಂದು ಬಂದಮೇಲೆ ಮೊದಲಿನ ಕಾರ್ಡುಗಳ ಮೊನೆ ಸ್ವಲ್ಪ ಮೊಂಡಾಗಿದೆ, ಅದೂ ನಿಜ.

ಮುಚ್ಚಿದ ಪ್ಯಾಕಿನ ಮೇಲೆ ಸರ್ಕಾರಗಳ ಕಣ್ಣೂ ಬಿದ್ದಿದೆ. ಬೆಲ್ಜಿಯಂ 2018ರಲ್ಲಿ ಇದು ಜೂಜು ಅಂದಿತು, 2019ರ ಜನವರಿ ಕೊನೆಗೆ ಇಎ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ಜಪಾನಿನಲ್ಲಿ 2012ರಲ್ಲೇ, ಬಿಡಿ ಕಾರ್ಡುಗಳ ಸೆಟ್ ಪೂರ್ತಿ ಮಾಡಿದರೆ ಮಾತ್ರ ದೊಡ್ಡ ಬಹುಮಾನ ಎಂಬ ಬಗೆಯ ಗಾಚಾಕ್ಕೆ (ದುಡ್ಡು ಕೊಟ್ಟು ಅದೃಷ್ಟ ಎಳೆಯುವ ಪದ್ಧತಿಗೆ) ತಡೆ ಬಿತ್ತು. ನನ್ನ ಮೆಸ್ಸಿ ಪ್ಯಾಕಿಗೆ ಈ ತಕರಾರು ತಟ್ಟುವುದಿಲ್ಲ. ಒಳಗೇನಿದೆ ಅಂತ ಗೊತ್ತಿದ್ದೇ ಕೊಂಡದ್ದು.

ಡೈರಿಯ ಕೊನೆಯ ಪುಟದಲ್ಲಿ ಒಂದೇ ಭಾಗಾಕಾರ ಮಾಡಿದೆ: ಕೊಟ್ಟ ದುಡ್ಡು, ಭಾಗಿಸು ಆ ಆಟಗಾರ ಮೈದಾನಕ್ಕಿಳಿದ ಪಂದ್ಯಗಳು. ಆ 25 ಮುಗಿದ ಮೇಲೂ ಮೆಸ್ಸಿ ಆಡುತ್ತಲೇ ಇದ್ದಾನೆ, ನೂರು ದಾಟಿದ. ಪಂದ್ಯಕ್ಕೆ ಬಿದ್ದದ್ದು ದರ್ಶಿನಿಯ ಬೈಟೂ ಕಾಫಿಗಿಂತ ಕಡಿಮೆ. ಪೆಟ್ಟಿಗೆಯ ಸೆಂಟರ್ ಬ್ಯಾಕ್ ಆಡಿದ್ದು ಆರು ಪಂದ್ಯ. 1,800 ಕಾಯಿನನ್ನು ಆರರಿಂದ ಭಾಗಿಸಿದರೆ ಪಂದ್ಯಕ್ಕೆ 300. ಬಿಟ್ಟಿ ಕಾಯಿನ್ ಅಂತ ಸಮಾಧಾನ ಮಾಡಿಕೊಳ್ಳಬಹುದು, ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ತಪ್ಪದೆ ಲಾಗಿನ್ ಆದದ್ದು ನಾನೇ ತಾನೆ. ಬೆರ್ನಾರ್ಡೊನ ಸಾಲಿನಲ್ಲಿ ಭಾಗಿಸಲು ಏನೂ ಇರಲಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ, ಈಗಷ್ಟೇ ಶುರುಮಾಡಿ ಡಿವಿಷನ್ ಏಳೆಂಟರಲ್ಲಿ ಇರುವವರಿಗೆ ಪ್ಯಾಕ್ ಬೇಡವೇ ಬೇಡ ಅನ್ನುತ್ತೇನೆ. ಅಲ್ಲಿ ಸೋಲುವುದು ಪಾಸು ತಪ್ಪಿ, ಆಟಗಾರ ಸಾಲದೆ ಅಲ್ಲ. ನೆಟ್‌ವರ್ಕ್ ತಡವರಿಸುವ ಮನೆಯಲ್ಲಿ ಆಡುವವರಿಗೂ ಬೇಡ, ಮೆಸ್ಸಿಯ ಆ ಒಂದು ಹೆಜ್ಜೆಯ ತಿರುವು ಸಿಗ್ನಲ್ಲಿನಲ್ಲೇ ಕಳೆದುಹೋಗುತ್ತದೆ. ತಂಡದಲ್ಲಿ ಒಂದೇ ಜಾಗ ಖಾಲಿಯಿದೆ, ಆ ಜಾಗದವನ ಹೆಸರೇ ಪ್ಯಾಕಿನ ಮೇಲಿದೆ ಅನ್ನುವವರು ಮಾತ್ರ ಕೊಳ್ಳಬಹುದು. ಪೆಟ್ಟಿಗೆಯನ್ನು ಬಿಟ್ಟಿ ಕಾಯಿನ್ ಇದ್ದರೆ ಎಳೆಯಿರಿ, ಮೂವರಲ್ಲಿ ಯಾರು ಬಂದರೂ ಸರಿ ಅನ್ನುವ ಹಾಗಿದ್ದರೆ ಮಾತ್ರ.

ಇವತ್ತು ಬುಧವಾರ. ನಾಳೆಯ ಅಪ್‌ಡೇಟಿಗೆ ಆ ಪೆಟ್ಟಿಗೆ ಎತ್ತಂಗಡಿ. ಒಳಗೆ 130 ಜನ ಉಳಿದಿದ್ದಾರೆ, ಅದರಲ್ಲೊಬ್ಬ ವಿಯೆರಾ. ನನ್ನ ಹತ್ತಿರ 900 ಕಾಯಿನ್ ಮತ್ತೆ ಸೇರಿದೆ. ಹತ್ತು ಎಳೆದರೆ ಹದಿಮೂರರಲ್ಲಿ ಒಂದು ಪಾಲು ಅವಕಾಶ. ಅಕ್ಕನ ಮಗ ಆಗಲೇ ಎರಡು ಸಲ ಫೋನ್ ಮಾಡಿ, "ಎಳೆದ್ರಾ ಮಾವ?" ಅಂತ ಕೇಳಿದ್ದಾನೆ. ಇಲ್ಲ ಕಣೋ ಅಂದೆ. ಇನ್ನೂ ಇಲ್ಲ ಅಂತ ಹೇಳಬೇಕಿತ್ತೇನೋ.