ಪ್ರಾಂಗ್‌ಹಾರ್ನ್ ಬೇಟೆಗೆ ಹೊರಟ ಬಿಲ್ಲುಗಾರರೇ, ಆ ಕೊನೆಯ ಇಪ್ಪತ್ತು ಗಜ ಜೋಪಾನ

ಅಮೆರಿಕದ ವಯೋಮಿಂಗ್‌ನ ಬಯಲಿಗೆ ಬಿಲ್ಲು ಹಿಡಿದು ಹೋದ ಹೊಸಬರ ಬೇಟೆ ಹೆಚ್ಚುಕಡಿಮೆ ಒಂದೇ ರೀತಿ ಕೆಡುತ್ತದೆ. ಬೆಳಿಗ್ಗೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಜಿಂಕೆಯಂಥ ಈ ಪ್ರಾಂಗ್‌ಹಾರ್ನ್ ಪ್ರಾಣಿಯ ಒಂಟಿ ಗಂಡೊಂದು ಕಾಣುತ್ತದೆ. ಸೇಜ್‌ಬ್ರಷ್ ಪೊದೆಗಳ ನಡುವೆ ಎರಡು ತಾಸು ತೆವಳಿ, ಮೊಣಕೈಗೆಲ್ಲ ಪಾಪಾಸುಕಳ್ಳಿ ಮುಳ್ಳು ಚುಚ್ಚಿಸಿಕೊಂಡು, ಅಂತೂ 60 ಗಜದ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಅದು ತಲೆಯೆತ್ತಿ ಇತ್ತಲೇ ನೋಡುತ್ತದೆ. ಮುಂದಕ್ಕೆ ಹೋಗುವಂತಿಲ್ಲ, ಇಷ್ಟು ಕಷ್ಟಪಟ್ಟ ಮೇಲೆ ಬಿಟ್ಟುಬರಲು ಮನಸ್ಸಿಲ್ಲ. ಬಾಣ ಬಿಡುತ್ತಾರೆ. ಎದೆಗೆ ತಗಲಬೇಕಿದ್ದದ್ದು ಹೊಟ್ಟೆಗೆ ತಗಲುತ್ತದೆ. ಗಾಯಗೊಂಡ ಪ್ರಾಣಿ ದಿಬ್ಬ ದಾಟಿ ಯಾರದೋ ರ‍್ಯಾಂಚಿನೊಳಗೆ ನುಸುಳುತ್ತದೆ. ಮಾಲೀಕರನ್ನು ಹುಡುಕಿ ಒಪ್ಪಿಗೆ ಕೇಳುವಷ್ಟರಲ್ಲಿ ಕತ್ತಲು. ಮರುದಿನ ಸಿಗುವುದು ನರಿಯಂಥ ಕಯೋಟೆಗಳು ತಿಂದು ಬಿಟ್ಟ ಮೂಳೆ.

ತಪ್ಪು ಎಲ್ಲಿ ಆಯಿತೆಂದು ಲೆಕ್ಕವೇ ಹೇಳುತ್ತದೆ. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ 280 ಅಡಿ ಓಡುತ್ತದೆ ಎಂದಿಟ್ಟುಕೊಳ್ಳಿ. 60 ಗಜ ಅಂದರೆ 180 ಅಡಿ, ಮುಟ್ಟಲು 0.64 ಸೆಕೆಂಡ್ ಬೇಕು. ಹೆದೆಯ ಸದ್ದು ಮುಟ್ಟಲು 0.16 ಸೆಕೆಂಡ್ ಸಾಕು. ಸದ್ದು ಕೇಳಿಸಿ ಬಾಣ ಬರುವ ಮೊದಲು ಪ್ರಾಣಿಯ ಕೈಯಲ್ಲಿ ಅರ್ಧ ಸೆಕೆಂಡ್ ಉಳಿದಿದೆ. ಓಡಲು ಮೈ ಕುಗ್ಗಿಸುವುದಕ್ಕೂ, ಒಂದು ಹೆಜ್ಜೆ ಮುಂದಿಟ್ಟು ತಿರುಗುವುದಕ್ಕೂ ಅಷ್ಟು ಹೊತ್ತು ಬೇಕಾದಷ್ಟಾಯಿತು. ಗುರಿಯಾದ ಎದೆಭಾಗವೋ ಒಂದು ಊಟದ ತಟ್ಟೆಗಿಂತ ಚಿಕ್ಕದು, 20 ಸೆಂ.ಮೀ. ಆಸುಪಾಸು. ಅದೇ 20 ಗಜದಲ್ಲಾದರೆ ಅದಕ್ಕೆ ಉಳಿಯುವುದು 0.16 ಸೆಕೆಂಡ್ ಮಾತ್ರ. ನಿಮ್ಮನ್ನೇ ದಿಟ್ಟಿಸುತ್ತಿರುವ ಪ್ರಾಣಿಯ ಮೇಲೆ 40 ಗಜದಾಚೆ ಬಾಣ ಬಿಡಬೇಡಿ, ಮೈದಾನದ ಗುರಿಹಲಗೆಗೆ 80 ಗಜದಿಂದ ಹೊಡೆಯುವವರೂ ಸಹ.

ದೂರದ ಅಂದಾಜೂ ಇಲ್ಲಿ ಕೈಕೊಡುತ್ತದೆ. ಮರವಿಲ್ಲ, ಮನೆಯಿಲ್ಲ, ಅಳತೆಗೆ ಕಣ್ಣಿಗೆ ಏನೂ ಸಿಗದು. 50 ಗಜದಲ್ಲಿರುವುದನ್ನು 40 ಎಂದು ನಂಬಿ ಬಿಟ್ಟರೆ ಬಾಣ ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ರೇಂಜ್‌ಫೈಂಡರಿನಲ್ಲಿ ಪ್ರಾಣಿಯನ್ನಲ್ಲ, ಅದು ಬರುವ ಮೊದಲೇ ಸುತ್ತಲಿನ ನಾಲ್ಕೈದು ಪೊದೆಗಳನ್ನು ಅಳೆದಿಟ್ಟುಕೊಳ್ಳಿ.

ಆದರೆ ಬೇಟೆ ಕೆಟ್ಟದ್ದು 60 ಗಜದಲ್ಲಲ್ಲ, ಒಂದೂವರೆ ಕಿಲೋಮೀಟರ್ ಹಿಂದೆಯೇ. ತಲೆಯ ಎರಡು ಪಕ್ಕಕ್ಕೆ ಉಬ್ಬಿನಿಂತ ಆ ಕಣ್ಣುಗಳಿಗೆ ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು ಮಿಕ್ಕೆಲ್ಲ ಕಾಣುತ್ತದೆ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ಒಮ್ಮೆ ನಿಂತಿರೋ, ನಿಮ್ಮನ್ನು ಲೆಕ್ಕಕ್ಕೆ ಹಿಡಿದಾಯಿತು. ಕಂಡ ಜಾಗದಿಂದಲೇ ನೇರ ತೆವಳಲು ಶುರುಮಾಡುವುದು ದೊಡ್ಡ ತಪ್ಪು. ಹಿಂದೆ ಸರಿದು, ಅದರ ಹತ್ತಿರದ ಒಂದು ಬಂಡೆಯನ್ನೋ ಬೇಲಿಗಂಬವನ್ನೋ ಗುರುತಿಟ್ಟುಕೊಂಡು, ಎರಡು ಮೂರು ಕಿಲೋಮೀಟರ್ ಸುತ್ತಾದರೂ ಸರಿ, ಕೊರಕಲುಗಳಲ್ಲಿ ಇಳಿದು ಹೋಗಿ. ಗಾಳಿ ಅದರ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುತ್ತಿರಲಿ. ಇದಕ್ಕೆ ಕಣ್ಣೊಂದೇ ಚುರುಕು ಎನ್ನುವ ಮಾತು ನಂಬಿ ಕೆಟ್ಟವರಿದ್ದಾರೆ. ಹಿಂಭಾಗದ ಬಿಳಿ ಕೂದಲು ಹೂವಿನಂತೆ ಅರಳಿತೆಂದರೆ ಗಾಬರಿಯಾಗಿದೆ ಎಂದರ್ಥ. ಆಗ ಬಿಲ್ಲೆತ್ತದೆ ಹಿಂದೆ ಸರಿಯುವುದೇ ಲೇಸು.

ಡಿಕಾಯ್, ಅಂದರೆ ಪ್ರಾಣಿಯನ್ನು ಹತ್ತಿರ ಸೆಳೆಯುವ ಬೊಂಬೆ, ಹಳಗನ್ನಡದ ಬೇಟೆಗಾರರ ಮಾತಿನಲ್ಲಿ ದೀವದ ಮೃಗ, ಒಳ್ಳೆಯ ಉಪಾಯ. ಆದರೆ ಅದಕ್ಕೆ ಕಾಲವಿದೆ. ಸೆಪ್ಟೆಂಬರ್ ಮಧ್ಯದ ಬೆದೆಗಾಲದಲ್ಲಿ, ಹೆಣ್ಣುಗಳನ್ನು ಕಾಯುತ್ತಿರುವ ಗಂಡು ಚಿಕ್ಕ ಕೊಂಬಿನ ಎಳೆಗಂಡಿನ ಬೊಂಬೆ ಕಂಡರೆ ಓಡಿಸಲು ನುಗ್ಗಿ ಬರುತ್ತದೆ. ಆಗಸ್ಟಿನಲ್ಲಿ ಅದೇ ಬೊಂಬೆ ತೋರಿಸಿದರೆ ಹೆಚ್ಚಿನವು ತಿರುಗಿ ನೋಡುವುದೇ ಇಲ್ಲ. ಇಬ್ಬರು ಬೇಕು, ಒಬ್ಬರು ಬೊಂಬೆ ಹಿಡಿಯಲು, ಒಬ್ಬರು ಬಾಣಕ್ಕೆ. ಇನ್ನೂರು ಗಜದೊಳಗೆ ಸೇರಿದ ಮೇಲೆಯೇ ಬೊಂಬೆ ಎದ್ದೇಳಲಿ, ಅದಕ್ಕೆ ಮೊದಲೇ ಬಾಣ ಹೆದೆಗೇರಿರಲಿ. ಗಂಡು ಬರುವ ವೇಗಕ್ಕೆ ಆಮೇಲೆ ಬತ್ತಳಿಕೆಗೆ ಕೈ ಹಾಕಲು ಪುರುಸೊತ್ತಿರುವುದಿಲ್ಲ. ಬಂದೂಕಿನ ಬೇಟೆ ಶುರುವಾದ ಪ್ರದೇಶದಲ್ಲಿ ಮಾತ್ರ ಬೊಂಬೆ ಹೊರಗೆ ತೆಗೆಯಲೇಬೇಡಿ. ಅದರ ಹಿಂದೆ ಮನುಷ್ಯರಿದ್ದಾರೆಂದು ಮುನ್ನೂರು ಗಜದಾಚೆಯ ಬಂದೂಕಿನವನಿಗೆ ತಿಳಿಯುವುದಿಲ್ಲ.

ಆಗಸ್ಟಿಗೆ ನೀರಿನ ಹೊಂಡವೇ ಗತಿ. ದಡದಿಂದ 20 ಗಜದಲ್ಲಿ ಮರೆಗುಡಾರ ಹಾಕಿ, ಗಾಳಿಗೆ ಹಾರದಂತೆ ಗೂಟ ಹೊಡೆದು, ಕೆಲವು ದಿನ ಅಲ್ಲಿಗೆ ಹೋಗದೆ ಬಿಡಿ. ಒಳಗೆ ಕೂರುವಾಗ ಕಪ್ಪು ಬಟ್ಟೆ ಇರಲಿ. ಹಿಂದಿನ ಕಿಟಕಿ ಮುಚ್ಚಿರಬೇಕು, ತೆರೆದಿದ್ದರೆ ಬೆಳಕಿಗೆ ಎದುರಾಗಿ ನಿಮ್ಮ ನೆರಳಿನಾಕಾರ ಎದ್ದು ಕಾಣುತ್ತದೆ. ಅವು ನಡುಮಧ್ಯಾಹ್ನವೂ ನೀರಿಗೆ ಬರುತ್ತವೆ, ಊಟಕ್ಕೆಂದು ಹನ್ನೊಂದಕ್ಕೇ ಎದ್ದವರಿಗೆ ಸಿಗುವುದಿಲ್ಲ. ನಿಮಗೆ ಕುಡಿಯಲು ತಲೆಗೆ 4 ಲೀಟರ್ ನೀರು ಬೇಕು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಅಂದು ಕೂರುವುದೇ ದಂಡ, ತಗ್ಗಿದ್ದಲ್ಲೆಲ್ಲ ನೀರು ನಿಂತಿರುತ್ತದೆ.

ಇನ್ನೊಂದು ಜಾಗ ಬೇಲಿ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಚೆಂಗನೆ ಹಾರುತ್ತದೆ (ಅದರ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಈ ಉಪಾಯಗಳನ್ನು ಊರಿಗೆ ತರಬೇಡಿ). ಪ್ರಾಂಗ್‌ಹಾರ್ನ್ ಅದರ ನೆಂಟನಲ್ಲ, ತನ್ನ ಕುಟುಂಬದಲ್ಲಿ ಉಳಿದಿರುವ ಒಂದೇ ಜಾತಿ. ಇದು ಬೇಲಿ ಹಾರುವುದು ಅಪರೂಪ, ತಂತಿಯ ಕೆಳಗೆ ನುಸುಳುತ್ತದೆ. ಕೆಳತಂತಿಗೆ ಕೂದಲು ಸಿಕ್ಕಿ, ನೆಲ ಸವೆದಿರುವ ಕಂಡಿಯನ್ನು ಹುಡುಕಿ, ಗಾಳಿ ನೋಡಿಕೊಂಡು 20 ಗಜದಲ್ಲಿ ಕೂತರೆ ತೆವಳುವ ಕಷ್ಟವೇ ಇಲ್ಲ. ಬೇಲಿಯ ಆಚೆ ಈಚೆ ಯಾರ ನೆಲ ಎಂಬುದನ್ನು ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಆಚೆಯ ಮಾಲೀಕರ ಫೋನ್ ನಂಬರು, ಗಾಯದ ಪ್ರಾಣಿಯ ಹಿಂದೆ ಹೋಗಲು ಒಪ್ಪಿಗೆ, ಇವೆರಡೂ ಬಾಣ ಬಿಡುವ ಮೊದಲು ಕೈಯಲ್ಲಿರಲಿ.

ಎಲ್ಲ ಸರಿಹೋಗಿ ಪ್ರಾಣಿ ಬಿತ್ತೆಂದರೆ ಫೋಟೋಕ್ಕೆ ಐದು ನಿಮಿಷ ಸಾಕು. ಟೊಳ್ಳು ಕೂದಲಿನ ಆ ತುಪ್ಪಳ ಕಂಬಳಿಯಂತೆ ಶಾಖ ಹಿಡಿದಿಡುತ್ತದೆ, 30 ಡಿಗ್ರಿ ಬಿಸಿಲಿನಲ್ಲಿ ಮಾಂಸ ಬೇಗ ಕೆಡುತ್ತದೆ. ಕರುಳು ತೆಗೆದ ಕೂಡಲೇ ಚರ್ಮ ಸುಲಿದು, ತುಂಡುಮಾಡಿ, ಗಾಡಿಯಲ್ಲಿ ಕಾದಿರುವ ಐಸ್‌ಪೆಟ್ಟಿಗೆಗೆ ಸೇರಿಸಿ.